ಸ್ಪೋಕ್ ಚಕ್ರ, ಟ್ಯೂಬ್‌ಲೆಸ್ ಟೈರು, ಗಾಳಿ ನಿಲ್ಲುದಿಲ್ಲ: ಲೀಕ್ ಹುಡುಕುದು, ಸರಿ ಮಾಡುದು ಹೇಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಬೈಕಿನ ಹಿಂದಿನ ಟೈರಲ್ಲಿ ಗಾಳಿ ನಿಲ್ತಾ ಇರ್ಲಿಲ್ಲ. ಮೊದಲು ವಾರಕ್ಕೆ ಐದಾರು ಪಿಎಸ್‌ಐ ಇಳೀತಿತ್ತು, ಬಂಕಲ್ಲಿ ತುಂಬಿಸ್ಕೊಂಡು ಓಡಾಡ್ತಿದ್ದೆ, ಆಮೇಲೆ ಎರಡೇ ದಿನಕ್ಕೆ ಅಷ್ಟು ಇಳೀಲಿಕ್ಕೆ ಶುರುವಾಯ್ತು. ಒಂದು ಆದಿತ್ಯವಾರ ಮಣಿಪಾಲದಲ್ಲಿ 33 ಹಾಕಿಸ್ಕೊಂಡು ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದು, ಆಗುಂಬೆ ಘಾಟಿ ಹತ್ತುವ ಮೊದಲು ಒಮ್ಮೆ ಗೇಜ್ ಇಟ್ಟು ನೋಡಿದ್ರೆ 25, ಅದೂ ಓಡಿ ಬಿಸಿಯಾದ ಟೈರಲ್ಲಿ. ಮುಂದೆ ಹದಿನಾಲ್ಕು ಹೇರ್‌ಪಿನ್ ತಿರುವು ಉಂಟು. ಅಲ್ಲಿಂದಲೇ ವಾಪಸ್ ತಿರುಗಿಸಿದೆ.

ದಾರಿಯಲ್ಲಿ ಸಿಕ್ಕಿದ ಪಂಕ್ಚರ್ ಅಂಗಡಿಯ ಅಣ್ಣ ಚಕ್ರ ನೋಡಿ ಕೇಳಿದ್ದು ಒಂದೇ ಮಾತು, "ಅಲ್ಲ ಮಾರ್ರೆ, ಇಷ್ಟು ತೂತು ಇರುವ ರಿಮ್ಮಲ್ಲಿ ಟ್ಯೂಬ್ ಇಲ್ಲದೆ ಗಾಳಿ ನಿಲ್ಲುದು ಹೇಗೆ?" ಸರಿಯಾದ ಪ್ರಶ್ನೆ ಅದು. ಆದ್ರೆ ಉತ್ತರ ಹುಡುಕುವ ಮೊದಲೇ ವಾಲ್ವಿನ ಮೂಲಕ ತೂತು ಮುಚ್ಚುವ ಲಿಕ್ವಿಡ್ ಸೀಲೆಂಟ್ ಒಳಗೆ ಹೋಯ್ತು, ಮೂರು ದಿನ ನಿಂತಿತು, ನಾಲ್ಕನೇ ದಿನ ಮತ್ತೆ ಅದೇ ಕಥೆ. ಕಡೆಗೆ ಟೈರ್ ಬಿಚ್ಚಿ, ಒಳಗೆ ಪೂರಾ ಬಳಿದುಕೊಂಡಿದ್ದ ಅಂಟನ್ನು ಒಂದು ಮಧ್ಯಾಹ್ನ ಕೂತು ತೊಳೆದು ನೋಡುವಾಗ ಲೀಕ್ ಇದ್ದದ್ದು ಸ್ಪೋಕಲ್ಲೇ ಅಲ್ಲ, ವಾಲ್ವಿನ ಬುಡದ ರಬ್ಬರಲ್ಲಿ. ಸಣ್ಣ ರಬ್ಬರ್, ಬಿರುಕು ಬಿಟ್ಟಿತ್ತು, ಅಷ್ಟೆ.

ಅದಕ್ಕೇ ಹೇಳುದು, ಗುಳ್ಳೆ ಎಲ್ಲಿಂದ ಬರ್ತದೆ ಅಂತ ಕಣ್ಣಲ್ಲಿ ನೋಡುವ ತನಕ ಯಾವ ಸೀಲೆಂಟಿನ ಮುಚ್ಚಳವೂ ತೆಗೀಬೇಡಿ. 2024ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೈಕಿಗೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಆಪ್ಶನ್ ಆಗಿ ಬಂದ ಮೇಲೆ ನಮ್ಮ ಕಡೆಯೂ ಇಂಥ ಚಕ್ರ ಜಾಸ್ತಿ ಕಾಣ್ತದೆ, ಆದ್ರೆ ಸಣ್ಣ ಅಂಗಡಿಗಳಲ್ಲಿ ಇದರ ರಿಪೇರಿ ಗೊತ್ತಿರುವವರು ಕಡಿಮೆ. ಹಾಗಾಗಿ ಬರೀತಾ ಇದ್ದೇನೆ. ವಾರಂಟಿ ಇನ್ನೂ ಉಂಟಾದ್ರೆ ಮಾತ್ರ ನೀವು ಮುಟ್ಟಬೇಡಿ, ಸೀದಾ ಸರ್ವೀಸ್ ಸೆಂಟರಿಗೆ ಹೋಗಿ.

ಮೊದಲು ನಿಮ್ಮ ರಿಮ್ ಯಾವ ಜಾತಿ ಅಂತ ನೋಡಿ. ಒಂದು ಜಾತಿಯಲ್ಲಿ ಸ್ಪೋಕು ರಿಮ್ಮಿನ ನಡುವಿಗೆ ಬರುದೇ ಇಲ್ಲ, ಅಂಚಿಗೆ ಬಂದು ಸಿಕ್ಕಿಕೊಳ್ತದೆ, 1987ರಲ್ಲಿ ಬಿಎಂಡಬ್ಲ್ಯು ಆರ್ 100 ಜಿಎಸ್ ಬೈಕಲ್ಲಿ ಬಂದ ಕ್ರಾಸ್ ಸ್ಪೋಕ್ ಚಕ್ರ ಹಾಗೆ. ಅದರಲ್ಲಿ ಸ್ಪೋಕಿನ ತೂತು ಗಾಳಿ ಇರುವ ಜಾಗದಿಂದ ಹೊರಗೆ ಇರ್ತದೆ, ಸ್ಪೋಕಲ್ಲಿ ಲೀಕ್ ಆಗುವ ಪ್ರಶ್ನೆಯೇ ಇಲ್ಲ, ಗಾಳಿ ಹೋಗ್ತಾ ಇದ್ರೆ ವಾಲ್ವ್, ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು), ಪಂಕ್ಚರ್ ಅಥವಾ ರಿಮ್ಮಲ್ಲೇ ಬಿರುಕು. ಇನ್ನೊಂದು ಜಾತಿಯಲ್ಲಿ ನಿಪ್ಪಲ್, ಅಂದ್ರೆ ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ಮಾಮೂಲಿ ಹಾಗೆ ರಿಮ್ಮಿನ ನಡುವಿಂದಲೇ ಹೊರಡ್ತದೆ, ಆದ್ರೆ ಪ್ರತಿ ನಿಪ್ಪಲಿಗೆ ಓ ರಿಂಗ್ ಅಂತ ಒಂದು ಸಣ್ಣ ರಬ್ಬರ್ ಬಳೆ ಇರ್ತದೆ. ಮೂರನೇದ್ರಲ್ಲಿ ನಿಪ್ಪಲ್ ಮಾಮೂಲಿ, ಮೇಲಿಂದ ಒಳಗೆ ಸುತ್ತಲೂ ಒಂದು ಟೇಪೋ ರಬ್ಬರ್ ಪಟ್ಟಿಯೋ ಅಂಟಿಸಿರ್ತಾರೆ. ಮೂರಕ್ಕೂ ರಿಪೇರಿ ಬೇರೆ ಬೇರೆ.

ಲೀಕ್ ಉಂಟಾ ಇಲ್ವಾ ಅಂತ ತೀರ್ಮಾನ ಮಾಡುವಾಗಲೂ ಸ್ವಲ್ಪ ತಾಳ್ಮೆ ಬೇಕು. ಮಧ್ಯಾಹ್ನ 34 ಡಿಗ್ರಿ ಸೆಕೆಯಲ್ಲಿ 33 ಪಿಎಸ್‌ಐ ಹಾಕಿದ ಟೈರು ಮರುದಿನ ಬೆಳಿಗ್ಗೆ 24 ಡಿಗ್ರಿಯಲ್ಲಿ ಒಂದೂವರೆ ಪಿಎಸ್‌ಐ ಕಡಿಮೆಯೇ ತೋರಿಸ್ತದೆ, ಗಾಳಿ ಎಲ್ಲಿಗೂ ಹೋಗಿರುದಿಲ್ಲ, ತಣ್ಣಗಾಗಿರ್ತದೆ ಅಷ್ಟೆ. ಒಳ್ಳೆ ಟೈರು ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳೀತದೆ. ಹಾಗಾಗಿ ಒಂದೇ ಗೇಜ್, ಒಂದೇ ಹೊತ್ತು, ಬಿಸಿಲು ಬೀಳುವ ಮೊದಲು ಬೆಳಿಗ್ಗೆ ಏಳು ಗಂಟೆಗೆ ಅಂತ ಇಟ್ಕೊಂಡು ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಬಂಕಿನ ಮೀಟರಿಗೂ ನಿಮ್ಮ ಗೇಜಿಗೂ ತಾಳೆ ಆಗ್ಬೇಕಂತಿಲ್ಲ, ಅದನ್ನು ಇದನ್ನು ಬೆರೆಸಿ ಲೆಕ್ಕ ಹಾಕಬೇಡಿ.

ಇನ್ನು ಹುಡುಕುವ ಕೆಲಸ. ಟೈರಿನ ಬದಿಯಲ್ಲಿ ಬರೆದ ಮಿತಿ ದಾಟದ ಹಾಗೆ ಗಾಳಿ ಸ್ವಲ್ಪ ಜಾಸ್ತಿ ಹಾಕಿ, ಒಂದು ಬಾಟ್ಲಿಯಲ್ಲಿ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಇಲ್ಲದಿದ್ರೆ ಶಾಂಪೂ ಸ್ಯಾಶೆ ಸಾಕು, ಅಂಟುವಾಳ ಕಾಯಿ ನೆನೆಸಿದ ನೀರೂ ಆಗ್ತದೆ, ನೊರೆ ಚೆನ್ನಾಗಿ ನಿಲ್ತದೆ. ಮೊದಲ ಹನಿ ವಾಲ್ವಿನ ಬಾಯಿಗೆ. ಅಲ್ಲಿ ಗುಳ್ಳೆ ಬಂದ್ರೆ ವಾಲ್ವ್ ಕೋರ್, ಅಂದ್ರೆ ಒಳಗೆ ಗಾಳಿ ತಡೆಯುವ ಸಣ್ಣ ಪಿನ್ನು, ಸಡಿಲ ಅಥವಾ ಹಾಳು, ಕೋರ್ ಬಿಚ್ಚುವ ಸಣ್ಣ ಟೂಲಲ್ಲಿ ಬಿಗಿ ಮಾಡಿ ಅಥವಾ ಹೊಸದು ಹಾಕಿ, ಕೆಲಸ ಮುಗೀತು. ಆಮೇಲೆ ವಾಲ್ವಿನ ಬುಡ, ವಾಲ್ವನ್ನು ಆಚೆ ಈಚೆ ಬಗ್ಗಿಸಿ ನೋಡಿ, ಸುಮ್ನೆ ನಿಂತಾಗ ಬಾರದ ಗುಳ್ಳೆ ಬಗ್ಗಿಸಿದಾಗ ಬರ್ತದೆ, ನನ್ನದು ಹಾಗೇ ಇತ್ತು. ಆಮೇಲೆ ಟ್ರೆಡ್ (ನೆಲಕ್ಕೆ ತಾಗುವ ಮೈ) ಪೂರಾ, ಮೊಳೆ ಉಂಟಾ ನೋಡಿ. ಆಮೇಲೆ ಎರಡೂ ಬದಿ ಟೈರೂ ರಿಮ್ಮೂ ಸೇರುವ ಗೆರೆ. ಕಡೆಗೆ ಒಂದೊಂದೇ ನಿಪ್ಪಲಿನ ಬುಡಕ್ಕೆ ಹಾಕಿ ಒಂದೊಂದು ನಿಮಿಷ ಕಾಯಿರಿ. ಅವಸರ ಮಾಡಬೇಡಿ, ನಿಧಾನದ ಲೀಕಲ್ಲಿ ಗುಳ್ಳೆ ಸಾಸಿವೆಯಷ್ಟು ಸಣ್ಣದು, ದೊಡ್ಡದಾಗ್ಲಿಕ್ಕೆ ಹೊತ್ತು ಬೇಕು. ಗುಳ್ಳೆ ಬಂದ ಜಾಗಕ್ಕೆ ಚಾಕ್‌ಪೀಸಲ್ಲಿ ಗುರುತು ಹಾಕಿ. ಸ್ಪ್ರೇಯಲ್ಲಿ ಏನೂ ಕಾಣದಿದ್ರೆ ಚಕ್ರ ಬಿಚ್ಚಿ, ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಕೆಳಗಿನ ಭಾಗ ಮುಳುಗಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಬೇರಿಂಗಿಗೆ ಮಾತ್ರ ನೀರು ತಾಗಬಾರ್ದು.

ಇಲ್ಲಿ ಒಂದು ಮಾತು, ಇದನ್ನು ನಾನು ಮುಂದಿನ ಚಕ್ರದಲ್ಲಿ ಕಲಿತದ್ದು. ಟೇಪ್ ಅಂಟಿಸಿದ ರಿಮ್ಮಲ್ಲಿ ಗುಳ್ಳೆ ಬರುವ ನಿಪ್ಪಲಿಗೂ ಟೇಪ್ ಬಿಟ್ಟ ಜಾಗಕ್ಕೂ ಸಂಬಂಧ ಇರ್ಬೇಕಂತಿಲ್ಲ. ಗಾಳಿ ಟೇಪಿನ ಅಂಚು ಎಲ್ಲೋ ಎದ್ದ ಕಡೆ ಅಡಿಗೆ ನುಗ್ಗಿ, ಟೇಪಿಗೂ ರಿಮ್ಮಿಗೂ ನಡುವೆ ಸುತ್ತಿ, ಎಲ್ಲಿ ನಿಪ್ಪಲ್ ಸ್ವಲ್ಪ ಸಡಿಲ ಉಂಟೋ ಅಲ್ಲಿಂದ ಹೊರಗೆ ಬರ್ತದೆ. ಹೆಂಚಿನ ಮಾಡಿನ ಹಾಗೆ, ನೀರು ಬೀಳುದು ಒಂದು ಕಡೆ, ಹೆಂಚು ಒಡೆದದ್ದು ಇನ್ನೊಂದು ಕಡೆ. ನನ್ನದ್ರಲ್ಲಿ ಗುಳ್ಳೆ ಬಂದದ್ದು ವಾಲ್ವಿನ ಎದುರು ಬದಿಯ ಮೂರು ನಿಪ್ಪಲಲ್ಲಿ, ಬಿಚ್ಚಿ ನೋಡಿದ್ರೆ ಟೇಪ್ ಎದ್ದದ್ದು ವಾಲ್ವಿನ ಹತ್ರ. ಹಾಗಾಗಿ ಟೇಪಿನ ರಿಮ್ಮಲ್ಲಿ ನಿಪ್ಪಲ್ ಲೀಕ್ ಕಂಡ್ರೆ ತುಂಡು ತೇಪೆ ಹಾಕುವ ಯೋಚನೆ ಬಿಟ್ಟು ಪೂರಾ ಟೇಪ್ ತೆಗೆದು ಹೊಸದು ಹಾಕಬೇಕು. ಓ ರಿಂಗ್ ಇರುವ ರಿಮ್ಮಲ್ಲಿ ಹಾಗಲ್ಲ, ಗುಳ್ಳೆ ಬಂದ ನಿಪ್ಪಲೇ ಕಳ್ಳ.

ಹೊರಗಿಂದ ನಿಪ್ಪಲಿಗೆ ಎಂಸೀಲೋ ಸಿಲಿಕಾನೋ ಮೆತ್ತುದು ನಿಲ್ಲುವ ಕೆಲಸ ಅಲ್ಲ. ಒಳಗಿನ ಒತ್ತಡ ಅದನ್ನು ಹೊರಕ್ಕೆ ದೂಡ್ತಾನೇ ಇರ್ತದೆ, ಒಳಗಿಂದ ಹಾಕಿದ್ದಾದ್ರೆ ಅದೇ ಒತ್ತಡ ಅದನ್ನು ತೂತಿಗೆ ಒತ್ತಿ ಹಿಡೀತದೆ. ಲಿಕ್ವಿಡ್ ಸೀಲೆಂಟೂ ನಿಪ್ಪಲಿಗೆ ನಂಬುವ ಹಾಗಿಲ್ಲ, ಯಾಕೆ ಅಂದ್ರೆ ಚಕ್ರ ತಿರುಗುವಾಗ ಅದು ಪೂರಾ ಹೊರಬದಿಗೆ, ಟ್ರೆಡ್ಡಿನ ಒಳಮೈಗೆ ಹೋಗಿ ಕೂರ್ತದೆ, ನಿಪ್ಪಲ್ ಇರುದು ನಡುವಿನ ರಿಮ್ಮಲ್ಲಿ. ಮೊಳೆಯ ತೂತಿಗೆ ಆಗ್ಬಹುದು. ಮತ್ತೆ ಆ ಅಂಟು ಬಿದ್ದ ಮೇಲೆ ಟೇಪ್ ಹಿಡಿಯುವ ಹಾಗೆ ರಿಮ್ ಕ್ಲೀನ್ ಮಾಡುದು ದೊಡ್ಡ ಕಷ್ಟ.

ಬೀಡಲ್ಲಿ ಗುಳ್ಳೆ ಬಂದ್ರೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು ಮರಳು, ಕೊಳೆ, ತುಕ್ಕು. ಮಲ್ಪೆ, ಪಣಂಬೂರು ಬೀಚ್ ಹತ್ರ ಓಡಾಡುವ ಬೈಕಾದ್ರೆ ಉಪ್ಪಿನ ಗಾಳಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ ಕಟ್ತದೆ, ಬೀಡ್ ಕೂರುವ ಜಾಗದಲ್ಲಿ ಅದು ಕಟ್ಟಿದ್ರೆ ಗಾಳಿ ನುಸೀತದೆ. ಟೈರ್ ಬಿಚ್ಚಿ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬಲ್ಲಿ ನೀರು ಹಾಕಿ ನುಣ್ಣಗೆ ಉಜ್ಜಿ, ಸಿಹಿ ನೀರಲ್ಲಿ ತೊಳೀರಿ, ಬಾವಿ ನೀರು ಉಪ್ಪಾದ್ರೆ ಅದು ಬೇಡ. ಇನ್ನೊಂದು ಕಾರಣ ಹೊಂಡಕ್ಕೆ ಬಿದ್ದು ರಿಮ್ಮಿನ ಅಂಚು ಮಡಚಿದ್ದು. ಅದನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡ್ಲಿಕ್ಕೆ ಹೋಗಬೇಡಿ, ಅಲ್ಯೂಮಿನಿಯಂ ಬಿರುಕು ಬಿಡ್ತದೆ. ರಿಮ್ ರಿಪೇರಿ ಮಾಡುವವರಿಗೆ ತೋರಿಸಿ, ಬಿರುಕು ಕಂಡ್ರೆ ಬೇರೆ ಮಾತೇ ಇಲ್ಲ, ರಿಮ್ ಬದಲಿಸಿ.

ವಾಲ್ವ್ ಬದಲಿಸುವಾಗ ತೂತಿನ ಅಳತೆ ನೋಡಿ ತನ್ನಿ. ಮಾಮೂಲಿ ಟ್ಯೂಬ್‌ಲೆಸ್ ರಬ್ಬರ್ ವಾಲ್ವಿಗೆ 11 ಮಿಲಿಮೀಟರ್ ಮೇಲಿನ ತೂತು ಬೇಕು, ತುಂಬಾ ಸ್ಪೋಕ್ ರಿಮ್ಮಲ್ಲಿ 8 ಮಿಲಿಮೀಟರ್ ಚಿಲ್ಲರೆ ಇರ್ತದೆ, ಅದಕ್ಕೆ ನಟ್ ಹಾಕಿ ಬಿಗಿಯುವ ಮೆಟಲ್ ವಾಲ್ವ್ ಬರ್ತದೆ. ನಟ್ಟನ್ನು ಸಿಕ್ಕಾಬಟ್ಟೆ ಬಿಗಿ ಮಾಡಿದ್ರೆ ರಬ್ಬರ್ ಹಿಸುಕಿ ಹೊರಗೆ ಬಂದು ಮತ್ತೆ ಲೀಕ್. ಟೈರ್ ಹೇಗೂ ಬಿಚ್ಚಿದ್ದೀರಿ ಅಂದ್ರೆ ವಾಲ್ವ್ ಹಳೇದನ್ನೇ ವಾಪಸ್ ಹಾಕಬೇಡಿ.

ಈಗ ಟೇಪಿನ ಕೆಲಸ, ಇದಕ್ಕೇ ಹೆಚ್ಚು ಹೊತ್ತು ಬೇಕು, ಒಂದು ದಿನದಲ್ಲಿ ಮುಗಿಸುವ ಆಸೆ ಬೇಡ. ಟ್ಯೂಬ್‌ಲೆಸ್ ಟೈರಿನ ಬೀಡ್ ಕಿತ್ತು ಬರುದು ಕಷ್ಟ, ಮಿಶನ್ ಇರುವ ಟೈರ್ ಅಂಗಡಿಯಲ್ಲಿ ಬಿಚ್ಚಿಸಿದ್ರೆ ಒಳ್ಳೇದು, ಆದ್ರೆ ಪಕ್ಕದಲ್ಲೇ ನಿಂತು "ಅಣ್ಣ, ಲಿವರ್ ಒಳಗೆ ಜಾಸ್ತಿ ಹಾಕ್ಬೇಡಿ, ಒಳಗೆ ಸೀಲ್ ಉಂಟು" ಅಂತ ಹೇಳಿ. ಬಿಚ್ಚುವ ಮೊದಲು ಟೈರ್ ತಿರುಗುವ ದಿಕ್ಕಿನ ಬಾಣ, ವಾಲ್ವ್ ಎದುರು ಟೈರಿನ ಯಾವ ಜಾಗ ಇತ್ತು ಅಂತ ಗುರುತು ಹಾಕಿಡಿ. ಡಿಸ್ಕ್ ಇರುವ ಬದಿಯನ್ನು ನೆಲಕ್ಕೆ ಇಡಬಾರ್ದು, ಎಬಿಎಸ್ ರಿಂಗಿಗೂ ಪೆಟ್ಟು ತಾಗಬಾರ್ದು.

ಹಳೇ ಟೇಪ್ ತೆಗೆದ ಕೂಡಲೆ ಹೊಸ ಟೇಪ್ ಹಚ್ಚಬೇಡಿ. ಮೊದಲು ಸ್ಪೋಕ್. ತುಂಬಾ ಜನ ಬಿಡುದು ಇದನ್ನೇ. ಸಣ್ಣ ಸ್ಪ್ಯಾನರಲ್ಲಿ ಒಂದೊಂದು ಸ್ಪೋಕಿಗೆ ಮೆಲ್ಲ ಬಡೀರಿ, ಬಿಗಿ ಇದ್ದದ್ದು ಟಣ್ ಅಂತದೆ, ಸಡಿಲ ಇದ್ದದ್ದು ದಪ್ ಅಂತದೆ. ಸಡಿಲ ಸ್ಪೋಕಿನ ನಿಪ್ಪಲ್ ಪ್ರತಿ ಸುತ್ತಿಗೂ ತೂತಲ್ಲಿ ಅಲ್ಲಾಡ್ತಾ ಇರ್ತದೆ, ಯಾವ ಸೀಲೂ ಅದರ ಮೇಲೆ ಬಾಳುದಿಲ್ಲ. ಚಕ್ರ ತಿರುಗಿಸಿ ಓಲಾಟ ನೋಡಿ, ಮ್ಯಾನುವಲಲ್ಲಿ ಸಾಮಾನ್ಯವಾಗಿ 2 ಮಿಲಿಮೀಟರ್ ಮಿತಿ ಇರ್ತದೆ, ನಿಮ್ಮ ಬೈಕಿಂದು ಒಮ್ಮೆ ನೋಡಿಕೊಳ್ಳಿ. ಚಕ್ರ ಕಟ್ಟುವವರ ಹತ್ರ ಈಗಲೇ ಸರಿ ಮಾಡಿಸಿಕೊಳ್ಳಿ, ಯಾಕೆ ಅಂದ್ರೆ ಸೀಲ್ ಆದ ಮೇಲೆ ನಿಪ್ಪಲ್ ತಿರುಗಿಸಿದ್ರೆ ಹಾಕಿದ ಸೀಲ್ ಹರೀತದೆ. ಸ್ಪೋಕಿನ ತುದಿ ನಿಪ್ಪಲ್ ದಾಟಿ ಮೇಲೆ ಚುಚ್ಚುವ ಹಾಗೆ ಇದ್ರೆ ಅರದಲ್ಲಿ ಉಜ್ಜಿ ಮಟ್ಟ ಮಾಡಿ. ಓ ರಿಂಗ್ ರಿಮ್ ಆದ್ರೆ ಲೀಕ್ ಇರುವ ನಿಪ್ಪಲ್ ಒಂದನ್ನೇ ಎಷ್ಟು ಸುತ್ತಿಗೆ ಬಿಚ್ಚಿತು ಅಂತ ಎಣಿಸಿ ತೆಗೆದು, ಹೊಸ ಓ ರಿಂಗ್ ಹಾಕಿ, ಅಷ್ಟೇ ಸುತ್ತು ವಾಪಸ್ ಕೂರಿಸಿ, ಶಬ್ದ ಪಕ್ಕದವುಗಳ ಹಾಗೇ ಬರ್ತದಾ ನೋಡಿ.

ಆಮೇಲೆ ಕ್ಲೀನಿಂಗ್. ಹಳೇ ಗೋಂದು ಚೂರೂ ಉಳೀಬಾರ್ದು. ಥಿನ್ನರಲ್ಲಿ ಗೋಂದು ತೆಗೀರಿ, ಹಸಿರು ಸ್ಕ್ರಬ್ಬಲ್ಲಿ ಉಜ್ಜಿ, ಕಡೆಯ ಒರೆಸುವಿಕೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ, ಬಟ್ಟೆ ಕಪ್ಪಾಗುದು ನಿಲ್ಲುವ ತನಕ. ಪೆಟ್ರೋಲ್, ಸೀಮೆಎಣ್ಣೆ ಬೇಡ, ಜಿಡ್ಡು ಬಿಟ್ಟು ಹೋಗ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ನಿಪ್ಪಲ್ ತಲೆಯ ಸುತ್ತ ಹಾಕ್ಲಿಕ್ಕೆ ಬೋಟ್ ಕೆಲಸದವರು ಬಳಸುವ ಪಾಲಿಯುರಿಥೇನ್ ಸೀಲೆಂಟ್ ಒಳ್ಳೇದು. ಬಾತ್‌ರೂಮಿಗೆ ಹಾಕುವ, ಹುಳಿ ಹುಳಿ ವಿನೆಗರ್ ವಾಸನೆ ಬರುವ ಸಿಲಿಕಾನ್ ಬೇಡವೇ ಬೇಡ, ಅದು ಒಣಗುವಾಗ ಬಿಡುವ ಆಸಿಡ್ ಲೋಹವನ್ನು ತಿಂತದೆ, ಮತ್ತೆ ಸಿಲಿಕಾನ್ ತಾಗಿದ ಜಾಗಕ್ಕೆ ಆಮೇಲೆ ಟೇಪೂ ಹಿಡಿಯುದಿಲ್ಲ. ಕಡಲೆಯಷ್ಟು ಹಾಕಿ ತೆಳ್ಳಗೆ ಒತ್ತಿ, ನಿಪ್ಪಲಿನ ತಲೆಯೂ ಸುತ್ತಲಿನ ಸಂದೂ ಮುಚ್ಚಬೇಕು, ಗುಡ್ಡೆ ಬೇಡ. ಈ ಸೀಲೆಂಟ್ ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುದು, ಹಾಗಾಗಿ ನಮ್ಮ ಕರಾವಳಿಯ ಹವೆಯಲ್ಲಿ ಬೇಗ ಹಿಡೀತದೆ, ಆದ್ರೆ ಹೊರಗಿಂದ ಒಳಗೆ ಗಟ್ಟಿಯಾಗ್ತಾ ಹೋಗುದ್ರಿಂದ ಗುಡ್ಡೆ ಹಾಕಿದ್ರೆ ಒಳಗೆ ಹಸಿಯೇ ಉಳೀತದೆ. ಡಬ್ಬಿಯಲ್ಲಿ ಬರೆದಷ್ಟು ದಿನ ಬಿಡಿ, 3ಎಂ 5200 ಅಂಥದ್ದಕ್ಕೆ ಪೂರಾ ಗಟ್ಟಿಯಾಗ್ಲಿಕ್ಕೆ ಐದರಿಂದ ಏಳು ದಿನ ಬೇಕು.

ಟೇಪಿಗೆ ಮಾತ್ರ ಅದೇ ತೇವ ಶತ್ರು. ಜಡಿಮಳೆಯ ದಿನ ಈ ಕೆಲಸ ಇಟ್ಕೊಳ್ಬೇಡಿ. ಬಿಸಿಲಿರುವ ದಿನ ರಿಮ್ಮನ್ನು ಅರ್ಧ ಗಂಟೆ ಅಂಗಳದಲ್ಲಿಟ್ಟು, ಕೈಗೆ ಬೆಚ್ಚಗೆ ಇರುವಾಗ ಒಳಗೆ ತಂದು ಅಂಟಿಸಿ. ಔಟೆಕ್ಸ್ ಅಂತ ಜಪಾನಿನ ಕಿಟ್ ಉಂಟು, ರಿಮ್ ಅಳತೆಗೆ ಸರಿಯಾಗಿ ಬರ್ತದೆ. ತುಂಬಾ ಜನ ಬಳಸುದು 3ಎಂ 4412ಎನ್ ಸೀಲಿಂಗ್ ಟೇಪ್, 2 ಮಿಲಿಮೀಟರ್ ದಪ್ಪ, ಹಿಗ್ಗುವ ಗುಣ ಉಂಟು. ಅಗಲ ಅಳೆದು ತನ್ನಿ, ಟೇಪ್ ರಿಮ್ಮಿನ ನಡುವಿನ ತಗ್ಗಿನ ಒಳಗೇ ಇರಬೇಕು, ಬೀಡ್ ಕೂರುವ ಜಾಗಕ್ಕೆ ಹತ್ತಿದ್ರೆ ಬೀಡಲ್ಲೇ ಲೀಕ್. ವಾಲ್ವಿಂದ ದೂರ ಶುರು ಮಾಡಿ, ಸ್ವಲ್ಪ ಎಳೆದು ಹಿಡಿದು, ನಡುವಿಂದ ಅಂಚಿಗೆ ಒತ್ತುತ್ತಾ ಹೋಗಿ, ಕಡೆಗೆ ಐದಾರು ಸೆಂಟಿಮೀಟರ್ ಒಂದರ ಮೇಲೆ ಒಂದು ಬರಲಿ. ಸಣ್ಣ ರೋಲರ್ ಇಲ್ಲದಿದ್ರೆ ಸ್ಟೀಲ್ ಚಮಚದ ಬೆನ್ನಲ್ಲಿ ಬಲವಾಗಿ ಉಜ್ಜಿ, ಮುಖ್ಯವಾಗಿ ಎರಡೂ ಅಂಚು ಮತ್ತು ನಿಪ್ಪಲಿನ ಉಬ್ಬಿನ ಸುತ್ತ. ಗಾಳಿ ಗುಳ್ಳೆ ಸಿಕ್ಕಿಕೊಂಡ್ರೆ ಆ ಜಾಗ ಕಿತ್ತು ಮತ್ತೆ ಹಾಕಿ, ಸೂಜಿಯಲ್ಲಿ ಚುಚ್ಚಬೇಡಿ. ವಾಲ್ವಿನ ಜಾಗದಲ್ಲಿ ತೂತು ಸಣ್ಣದಾಗಿ ಮಾಡಿ, ವಾಲ್ವಿನ ರಬ್ಬರ್ ಟೇಪಿನ ಮೇಲೆಯೇ ಕೂತು ಅದನ್ನು ಒತ್ತಿ ಹಿಡೀಬೇಕು. ಅಂಟಿನ ಪೂರ್ತಿ ಬಲ ಬರ್ಲಿಕ್ಕೆ 72 ಗಂಟೆ ಬಿಡಿ.

ಟೈರ್ ಹಾಕುವಾಗ ಸೋಪು ನೀರು ಧಾರಾಳ ಹಚ್ಚಿ, ಎಣ್ಣೆ ಗ್ರೀಸ್ ಬೇಡ. ಲಿವರ್ ತುದಿ ಅಂಚಿನಷ್ಟೇ ಒಳಗೆ, ಆಚೆ ಬದಿಯ ಬೀಡನ್ನು ತಗ್ಗಿಗೆ ಒತ್ತಿಟ್ಟುಕೊಂಡ್ರೆ ಅಷ್ಟು ಬಲವೇ ಬೇಡ. ವಾಲ್ವ್ ಕೋರ್ ತೆಗೆದು ಕಂಪ್ರೆಸರಲ್ಲಿ ಗಾಳಿ ನುಗ್ಗಿಸಿದ್ರೆ ಟಪ್ ಟಪ್ ಅಂತ ಎರಡು ಬದಿ ಕೂರ್ತದೆ, ಆಗ ಬೆರಳು ದೂರ ಇರಲಿ. ಕೂರದಿದ್ರೆ ಟೈರಿನ ಮಿತಿ ಮೀರಿ ತುಂಬಿಸಬೇಡಿ, ಗಾಳಿ ಬಿಟ್ಟು, ಮತ್ತೆ ಸೋಪು ಹಚ್ಚಿ, ಮತ್ತೆ ಹಾಕಿ. ಟೈರಿನ ಬದಿಯ ಸಣ್ಣ ಗೆರೆ ರಿಮ್ಮಿಂದ ಸುತ್ತಲೂ ಸಮ ದೂರದಲ್ಲಿ ಉಂಟಾ ನೋಡಿ. ಟೇಪ್, ಸೀಲೆಂಟ್ ಸೇರಿ ತೂಕ ಬದಲಾಗಿರ್ತದೆ, ಬ್ಯಾಲೆನ್ಸ್ ಮಾಡಿಸಿ. ಚಕ್ರ ಹಾಕಿದ ಮೇಲೆ ಆಕ್ಸಲ್ ನಟ್ ಮ್ಯಾನುವಲಲ್ಲಿ ಹೇಳಿದ ಟಾರ್ಕಿಗೆ, ಹೊರಡುವ ಮೊದಲು ಬ್ರೇಕ್ ನಾಲ್ಕೈದು ಸಲ ಒತ್ತಿ ಗಟ್ಟಿ ಸಿಗ್ತದಾ ನೋಡಿಕೊಳ್ಳಿ.

ಒಂದು ಎಚ್ಚರಿಕೆ ಹೇಳಲೇಬೇಕು. ಟ್ಯೂಬ್ ರಿಮ್ಮಿಗೆ ಮನೆಯಲ್ಲೇ ಟೇಪ್ ಹಾಕಿ ಟ್ಯೂಬ್‌ಲೆಸ್ ಮಾಡುವವರಿದ್ದಾರೆ. ಟ್ಯೂಬ್‌ಲೆಸ್ ರಿಮ್ಮಲ್ಲಿ ಬೀಡ್ ಕೂರುವ ಜಾಗದ ಒಳ ಅಂಚಿಗೆ ಒಂದು ಸಣ್ಣ ದಿಬ್ಬ ಇರ್ತದೆ, ಗಾಳಿ ಇಳಿದಾಗಲೂ ಬೀಡ್ ಒಳಗೆ ಜಾರದ ಹಾಗೆ ಅದು ತಡೀತದೆ. ಅಳತೆಯ ಜೊತೆ ಎಂಟಿ (MT) ಅಂತ ಬರೆದ ರಿಮ್ಮಲ್ಲಿ ಸಾಮಾನ್ಯವಾಗಿ ಈ ದಿಬ್ಬ ಉಂಟು, ಡಬ್ಲ್ಯುಎಂ (WM) ರಿಮ್ಮಲ್ಲಿ ಇಲ್ಲ. ದಿಬ್ಬ ಇಲ್ಲದ ಮುಂದಿನ ಚಕ್ರದಲ್ಲಿ ಇದನ್ನು ಮಾಡುದು ನನಗೆ ಸರಿ ಕಾಣುದಿಲ್ಲ, ತಿರುವಲ್ಲಿ ಗಾಳಿ ಹೋಗಿ ಬೀಡ್ ಜಾರಿದ್ರೆ ಹಿಡೀಲಿಕ್ಕೆ ಆಗುದಿಲ್ಲ.

ಮುಗಿದ ಮೇಲೆ ಮತ್ತೆ ಬೆಳಿಗ್ಗೆ ಏಳು ಗಂಟೆಯ ಚೀಟಿ, ಒಂದು ವಾರ. ಮೊದಲ ಮೂರು ದಿನ ಊರೊಳಗೆ ಮಾತ್ರ ಓಡಿಸಿ, ಘಾಟಿ ಬೇಡ. 500 ಕಿಲೋಮೀಟರ್ ಆದ ಮೇಲೆ ಸ್ಪೋಕಿಗೆ ಮತ್ತೊಮ್ಮೆ ಬಡಿದು ಶಬ್ದ ಕೇಳಿ. ಬೈಕ್ ತೊಳೆಯುವಾಗ ಪ್ರೆಶರ್ ವಾಶಿನ ಬಾಯಿ ನಿಪ್ಪಲಿಗೂ ಬೀಡಿಗೂ ನೇರ ಹಿಡೀಬೇಡಿ, ಬೀಚಿಗೆ ಹೋಗಿ ಬಂದ ದಿನವೇ ಸಿಹಿ ನೀರಲ್ಲಿ ಚಕ್ರ ತೊಳೀರಿ.

ಚಾರ್ಮಾಡಿ, ಆಗುಂಬೆ ಕಡೆ ದೂರ ಹೋಗುವಾಗ ನಾನು ಒಂದು ಸಣ್ಣ ಪಂಪು, ಪ್ಲಗ್ ಕಿಟ್ ಮತ್ತು ಚಕ್ರದ ಅಳತೆಯ ಟ್ಯೂಬ್ ಇಟ್ಕೊಳ್ತೇನೆ. ಸೀಲ್ ಪೂರಾ ಕೈ ಕೊಟ್ರೆ ವಾಲ್ವ್ ಬಿಚ್ಚಿ ತೆಗೆದು ಟ್ಯೂಬ್ ಹಾಕಿ ಮನೆಗೆ ಬರ್ಬಹುದು. ಟ್ಯೂಬ್ ತುರುಕುವ ಮೊದಲು ಟೈರಿನ ಒಳಗೆ ಕೈಯಾಡಿಸಿ ಮೊಳೆ ತುದಿಯೋ ಕಲ್ಲೋ ಉಂಟಾ ನೋಡಿ, ವಾಲ್ವಿನ ತೂತು ದೊಡ್ಡದಿದ್ರೆ ಟ್ಯೂಬಿನ ನಟ್ಟಿಗೆ ಒಂದು ಅಗಲದ ವಾಶರ್ ಕೊಡಿ, ಅದನ್ನು ಈಗಲೇ ಟ್ಯೂಬಿನ ಜೊತೆ ಕಟ್ಟಿ ಇಡಿ.